ಕಿಡ್ನಿ ಮಾತ್ರೆ ತಗೊಂಡ ಮೇಲೆ ಕ್ರಿಯಾಟಿನಿನ್ ಏರಿದೆಯಾ? ಗಾಬರಿ ಬೇಡ

ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬೆಳಗಿನ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಶಿವಮೊಗ್ಗಕ್ಕೆ ಬಂದು ರಕ್ತ ಕೊಡುವ ಶುಗರ್ ರೋಗಿಗಳು ಬಹಳ ಜನ. ರಿಪೋರ್ಟ್ ಕೈಗೆ ಬಂದರೆ ಮೊದಲು ನೋಡುವುದು ಶುಗರ್, ಆಮೇಲೆ ಕ್ರಿಯಾಟಿನಿನ್. ಅದು ಕಿಡ್ನಿ ಸೋಸಿ ಹೊರಹಾಕುವ ಕಸ, ಸೋಸುವುದು ಇಳಿದರೆ ರಕ್ತದಲ್ಲಿ ಏರುತ್ತದೆ. ಹೊಸ ಮಾತ್ರೆ ಶುರು ಮಾಡಿದ ಕೆಲವೇ ವಾರಕ್ಕೆ 1.4 ಇದ್ದದ್ದು 1.6 ಆಗಿದ್ದರೆ ಮುಗೀತು. ‘ಕಿಡ್ನಿಗೆ ಒಳ್ಳೇದು ಅಂತ ಕೊಟ್ಟ ಮಾತ್ರೆನೇ ಕಿಡ್ನಿ ತಿಂತಿದೆ’ ಅಂತ ಅದನ್ನು ಬಿಟ್ಟೇ ಬಿಡುತ್ತಾರೆ.

ಆ ಮಾತ್ರೆ ಹೆಚ್ಚಾಗಿ ಡಾಪಾಗ್ಲಿಫ್ಲೋಜಿನ್. ಎಂಪಾಗ್ಲಿಫ್ಲೋಜಿನ್, ಕ್ಯಾನಾಗ್ಲಿಫ್ಲೋಜಿನ್ ಕೂಡ ಇದೇ ಜಾತಿಯವು. ಅಂಕಿ ಸ್ವಲ್ಪ ಏರುವುದು ಇದು ಕೆಲಸ ಮಾಡುವ ರೀತಿಯಲ್ಲೇ ಇದೆ.

ನಮ್ಮ ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಸೋಸಿದ್ದರಲ್ಲಿರುವ ಸಕ್ಕರೆಯನ್ನು ಸಣ್ಣ ನಾಳಗಳು ವಾಪಸ್ ರಕ್ತಕ್ಕೆ ಎಳೆದುಕೊಳ್ಳುತ್ತವೆ. ಸಕ್ಕರೆಯ ಜೊತೆ ಉಪ್ಪಿನ ಸೋಡಿಯಂ ಕೂಡ ಹೋಗುತ್ತದೆ. ಶುಗರ್ ಇರುವವರಲ್ಲಿ ಈ ಎಳೆತ ಜಾಸ್ತಿ. ಹಾಗಾಗಿ ನಾಳದ ಮುಂದಿನ ಭಾಗಕ್ಕೆ ಉಪ್ಪು ತಲುಪುವುದೇ ಕಡಿಮೆ. ಅಲ್ಲೊಂದು ಪುಟ್ಟ ಕಾವಲು ಇದೆ. ಉಪ್ಪು ಕಡಿಮೆ ಬಂತು ಅಂದರೆ ಸೋಸುವುದೇ ಕಡಿಮೆಯಾಗಿದೆ ಅಂತ ಅದರ ಲೆಕ್ಕ. ಅದು ರಕ್ತ ಒಳಗೆ ಬರುವ ದಾರಿಯನ್ನು ಅಗಲ ಮಾಡಿಬಿಡುತ್ತದೆ. ಸೋಸುವ ಜಾಲರಿಯ ಮೇಲೆ ಒತ್ತಡ ಏರುತ್ತದೆ.

ಅಡಿಕೆ ತೋಟದ ಸ್ಪ್ರಿಂಕ್ಲರ್ ನೆನಪಿಸಿಕೊಳ್ಳಿ. ವಾಲ್ವ್ ಪೂರ್ತಿ ತಿರುಗಿಸಿ ದೊಡ್ಡ ಮೋಟರ್ ಓಡಿಸಿದರೆ ನೀರು ಚಿಮ್ಮುವುದು ನೋಡಲು ಚಂದವೇ. ಆದರೆ ಪೈಪಿನ ಜಾಯಿಂಟ್ ಎಷ್ಟು ದಿನ ತಡೆದೀತು? ಕಿಡ್ನಿಯಲ್ಲೂ ಮೊದಲ ಕೆಲವು ವರ್ಷ ಎಲ್ಲ ಚೆನ್ನಾಗಿದೆ ಅಂತಲೇ ಕಾಣುತ್ತದೆ. ಕ್ರಿಯಾಟಿನಿನ್ ಸುಳಿವು ಕೊಡುವುದಿಲ್ಲ. ಅಷ್ಟರಲ್ಲಿ ಜಾಲರಿ ಸಡಿಲವಾಗಿ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರಲು ಶುರುವಾಗಿರುತ್ತದೆ. ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಅಂತ ಒಂದು ಮೂತ್ರ ಪರೀಕ್ಷೆ ಇದೆ. ಅದು 30 ದಾಟಿದರೆ ಎಚ್ಚರ. ರಕ್ತಕ್ಕೆ ಸೂಜಿ ಚುಚ್ಚಿಸಿಕೊಳ್ಳುವವರು ಈ ಪರೀಕ್ಷೆಯನ್ನು ಯಾಕೋ ಕೇಳುವುದೇ ಇಲ್ಲ.

ಡಾಪಾಗ್ಲಿಫ್ಲೋಜಿನ್ ಆ ಎಳೆತವನ್ನು ತಡೆಯುತ್ತದೆ. ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ, ಉಪ್ಪು ಕಾವಲಿನವರೆಗೆ ತಲುಪುತ್ತದೆ, ದಾರಿ ಮತ್ತೆ ಕಿರಿದಾಗುತ್ತದೆ. ಒತ್ತಡ ಇಳಿದಾಗ ಸೋಸುವುದೂ ತುಸು ಇಳಿಯುತ್ತದೆ, ಕ್ರಿಯಾಟಿನಿನ್ ತುಸು ಏರುತ್ತದೆ. ಆಮೇಲೆ ಅದು ಹೆಚ್ಚು ಕಡಿಮೆ ಅಲ್ಲೇ ನಿಂತು, ಕಿಡ್ನಿ ಸವೆಯುವ ವೇಗ ತಗ್ಗುತ್ತದೆ. ಏರಿಕೆ ಶೇ 30 ದಾಟಿದರೆ ಮಾತ್ರ ಬೇರೇನೋ ಕಾರಣ ಇದೆಯಾ ಅಂತ ಡಾಕ್ಟರು ಹುಡುಕುತ್ತಾರೆ.

ಡಾಪಾಗ್ಲಿಫ್ಲೋಜಿನ್ ಬಗ್ಗೆ 2020ರಲ್ಲಿ ಪ್ರಕಟವಾದ ಡಾಪಾ-ಸಿಕೆಡಿ ಅಧ್ಯಯನದಲ್ಲಿ ಕಿಡ್ನಿ ಕಾಯಿಲೆಯ 4,304 ಜನರಿದ್ದರು. ಕಿಡ್ನಿ ಶಕ್ತಿ ಅರ್ಧಕ್ಕಿಳಿಯುವುದು, ಪೂರ್ತಿ ಕೈಕೊಡುವುದು, ಕಿಡ್ನಿ ಅಥವಾ ಹೃದಯದ ತೊಂದರೆಯಿಂದ ಸಾವು, ಇಷ್ಟನ್ನೂ ಸೇರಿಸಿ ನೋಡಿದಾಗ ಅಪಾಯ ಶೇ 39ರಷ್ಟು ತಗ್ಗಿತ್ತು. ಕೇಳಲು ದೊಡ್ಡದು. ಬಿಡಿಸಿ ಹೇಳಿದರೆ, ಸುಮಾರು ಎರಡೂವರೆ ವರ್ಷದಲ್ಲಿ ಹೋಲಿಕೆಗೆಂದು ಕೊಟ್ಟ, ಔಷಧಿ ಇಲ್ಲದ ಸುಳ್ಳು ಮಾತ್ರೆ ತಗೊಂಡ ನೂರು ಜನರಲ್ಲಿ 14–15 ಮಂದಿಗೆ ಇಂಥದ್ದಾದರೆ, ಔಷಧಿ ತಗೊಂಡವರಲ್ಲಿ 9 ಮಂದಿಗೆ ಆಯಿತು. ಪವಾಡ ಅಲ್ಲ. ಆದರೆ ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಸಲ ಘಟ್ಟದ ದಾರಿ ಸುತ್ತುವವರ ಮನೆಯಲ್ಲಿ ಕೇಳಿದರೆ ಇದರ ಬೆಲೆ ಗೊತ್ತಾಗುತ್ತದೆ. ಇನ್ನೊಂದು ವಿಷಯ: ಕಿಡ್ನಿ ಸೊರಗಿದವರಲ್ಲಿ ಈ ಮಾತ್ರೆಯಿಂದ ಶುಗರ್ ಅಷ್ಟೇನೂ ಇಳಿಯುವುದಿಲ್ಲ. ಹಾಗಂತ ದಂಡ ಅಲ್ಲ, ಕಿಡ್ನಿಗೆ ಲಾಭ ಇದ್ದೇ ಇದೆ.

ನಿಜವಾಗಿ ಹುಷಾರಾಗಿರಬೇಕಾದ್ದು ಬೇರೆ ಕಡೆ. ಮೂತ್ರದಲ್ಲಿ ಸಕ್ಕರೆ ಇರುವುದರಿಂದ ಗುಪ್ತಾಂಗದಲ್ಲಿ ಫಂಗಸ್ ತುರಿಕೆ ಬರಬಹುದು, ನಾಚಿಕೊಂಡು ಮುಚ್ಚಿಡಬೇಡಿ. ಮಳೆಗಾಲದ ಜ್ವರ, ವಾಂತಿ, ಭೇದಿ ಬಂದು ಬರೀ ಗಂಜಿ ತಿಳಿಯಲ್ಲಿ ದಿನ ದೂಡುವಾಗ, ಕಟ್ಟುನಿಟ್ಟಿನ ಉಪವಾಸ ಮಾಡುವಾಗ ಡಾಕ್ಟರನ್ನು ಕೇಳಿ ಮಾತ್ರೆ ನಿಲ್ಲಿಸಬೇಕು. ಆಪರೇಷನ್ ಇದ್ದರೆ ಕನಿಷ್ಠ ಮೂರು ದಿನ ಮೊದಲೇ. ಇಲ್ಲವಾದರೆ ಶುಗರ್ ಅಂಕಿ ಸರಿಯಾಗಿದ್ದಾಗಲೂ ರಕ್ತದಲ್ಲಿ ಕೀಟೋನ್ ಆಮ್ಲ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ಅಡಿಕೆ ಕೊನೆ ಕೊಯ್ಲಿನ ಸಮಯದಲ್ಲಿ ಸೊಂಟನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳಂತೂ ಸೋತ ಕಿಡ್ನಿಗೆ ಶತ್ರು. ತಮಾಷೆ ಅಂದರೆ, ಅವುಗಳ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ!

ಈಗ ಕೆಲವರ ಚೀಟಿಯಲ್ಲಿ ಫಿನೆರೆನೋನ್ ಅಂತ ಇನ್ನೊಂದು ಹೆಸರೂ ಕಾಣುತ್ತದೆ. ಅಮೆರಿಕದಲ್ಲಿ 2021ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಶುಗರ್ ಜೊತೆ ಕಿಡ್ನಿ ಕಾಯಿಲೆ ಇರುವವರಿಗೆಂದೇ ಬಂದ ಔಷಧಿ ಇದು. ಆಲ್ಡೋಸ್ಟೆರೋನ್ ಹಾರ್ಮೋನಿನ ಕೆಲಸಕ್ಕೆ ಅಡ್ಡ ನಿಂತು, ಕಿಡ್ನಿಯಲ್ಲಿ ಉರಿಯೂತ ಆಗಿ ಗಾಯದ ಕಲೆ ಕಟ್ಟುವುದನ್ನು ತಗ್ಗಿಸುತ್ತದೆ. ಮುಖ್ಯ ತೊಡಕು ಅಂದರೆ, ಪೊಟ್ಯಾಸಿಯಂ ಏರಬಹುದು. ಅದು ಜಾಸ್ತಿಯಾದರೆ ಹೃದಯದ ಬಡಿತವೇ ತಪ್ಪುತ್ತದೆ. ಆದ್ದರಿಂದ ಶುರು ಮಾಡುವ ಮೊದಲು, ಮತ್ತೆ ನಾಲ್ಕು ವಾರಕ್ಕೆ ರಕ್ತ ಪರೀಕ್ಷೆ ಆಗಲೇಬೇಕು. ಮಲೆನಾಡಿನ ಮನೆಯಲ್ಲಿ ಎಳನೀರು, ಬಾಳೆಹಣ್ಣು ಕೈಗೆಟುಕುವಲ್ಲೇ ಇರುತ್ತವೆ ಅಲ್ವಾ? ಎರಡರಲ್ಲೂ ಪೊಟ್ಯಾಸಿಯಂ ತುಂಬಿದೆ. ಎಷ್ಟು ತಿನ್ನಬಹುದು ಅಂತ ರಿಪೋರ್ಟ್ ತೋರಿಸಿ ಕೇಳಿ. ಬಿಪಿಗೆ ಒಳ್ಳೆಯದು ಅಂತ ಬೆಂಗಳೂರಿನಿಂದ ಮಗ ತಂದುಕೊಟ್ಟ ‘ಲೋ ಸೋಡಿಯಂ’ ಉಪ್ಪಿನ ಪ್ಯಾಕೆಟ್ಟನ್ನೂ ತಿರುಗಿಸಿ ಓದಿ. ಪೊಟ್ಯಾಸಿಯಂ ಕ್ಲೋರೈಡ್ ಅಂತ ಬರೆದಿದ್ದರೆ, ಫಿನೆರೆನೋನ್ ನುಂಗುವವರ ಸಾರಿಗೆ ಅದನ್ನು ಹಾಕಬೇಡಿ.