ಒಂದು ಪಿಕ್ಸೆಲ್, ಸಾವಿರಾರು ಅಂಕಿ: ಅಣುಚಿತ್ರಗಳ ಡೇಟಾದಲ್ಲಿ ಪಿಎಚ್‌ಡಿ

ಪಿಎಚ್‌ಡಿ ಜಾಹೀರಾತಿನಲ್ಲಿ ‘ಮಾಲಿಕ್ಯುಲರ್ ಇಮೇಜಿಂಗ್’ (ಯಾವ ಅಣು ಎಲ್ಲಿದೆ ಅಂತ ತೋರಿಸುವ ಚಿತ್ರ ತೆಗೆಯುವುದು) ಅಂತ ಕಂಡ ಕೂಡಲೇ ಇದು ಬಯಾಲಜಿಯವರ ಪಾಲು ಅಂತ ಬಿಟ್ಟುಬಿಡಬೇಡಿ. ಇಲ್ಲಿ ಗಣಿತದವರಿಗೇ ಕೆಲಸ ಜಾಸ್ತಿ.

ಮಾಸ್ ಸ್ಪೆಕ್ಟ್ರೋಮೆಟ್ರಿ ಇಮೇಜಿಂಗನ್ನೇ ನೋಡಿ. ಇಲಿಯ ಮಿದುಳಿನಿಂದ ಸುಮಾರು 10 ಮೈಕ್ರೋಮೀಟರ್ ದಪ್ಪದ ಹೋಳು ಕೊಯ್ದು, ಗಾಜಿನ ಮೇಲಿಟ್ಟು, ಮ್ಯಾಟ್ರಿಕ್ಸ್ ಅನ್ನೋ ರಾಸಾಯನಿಕ ಸಿಂಪಡಿಸಿ, ಒಂದೊಂದೇ ಚುಕ್ಕಿಗೆ ಲೇಸರ್ ಹೊಡೆಯುತ್ತಾ ಹೋಗುತ್ತಾರೆ. ಅಲ್ಲಿಂದ ಎದ್ದ ಅಯಾನುಗಳನ್ನು ಯಂತ್ರ ತೂಗುತ್ತದೆ. ಇದಕ್ಕೆ ಮಾಲ್ಡಿ ಅನ್ನುತ್ತಾರೆ. ಇದರಿಂದ ಅಂಗಾಂಶದ ಚಿತ್ರ ತೆಗೆಯಬಹುದು ಅಂತ ರಿಚರ್ಡ್ ಕ್ಯಾಪ್ರಿಯೋಲಿ ತಂಡ 1997ರಲ್ಲಿ ತೋರಿಸಿತು. ಮಾಮೂಲಿ ಫೋಟೋದ ಪಿಕ್ಸೆಲ್‌ನಲ್ಲಿ ಮೂರು ಅಂಕಿ ಇದ್ದರೆ ಇಲ್ಲಿ ಇಡೀ ಸ್ಪೆಕ್ಟ್ರಮ್, ಅಂದರೆ ಯಾವ ತೂಕದ ಅಯಾನು ಎಷ್ಟಿದೆ ಅನ್ನುವ ಪಟ್ಟಿಯೇ ಇರುತ್ತದೆ. 10 ಮಿ.ಮೀ. ಉದ್ದ, 6 ಮಿ.ಮೀ. ಅಗಲದ ಜಾಗವನ್ನು 50 ಮೈಕ್ರೋಮೀಟರ್ ಅಂತರದಲ್ಲಿ ಅಳೆದರೆ 24,000 ಸ್ಪೆಕ್ಟ್ರಮ್. ಅಂತರ 10ಕ್ಕೆ ಇಳಿಸಿ, 6 ಲಕ್ಷ!

ಒಂದೇ ಥರದ ಪಿಕ್ಸೆಲ್‌ಗಳನ್ನು ಗುಂಪು ಮಾಡುವ ಕೆ-ಮೀನ್ಸ್ ಅನ್ನೋ ವಿಧಾನವನ್ನು ನಾನು ಮೊದಲ ಸಲ ಓಡಿಸಿದಾಗ ಒಂದು ಗುಂಪು ಮಿದುಳಿನ ಸುತ್ತ ಚೆಂದವಾಗಿ ಅಂಚು ಕಟ್ಟಿದ ಹಾಗೆ ಬಂತು. ಏನೋ ಸಿಕ್ಕಿತು ಅಂತ ಹಿಗ್ಗಿದ್ದೇ ಹಿಗ್ಗಿದ್ದು. ನೋಡಿದರೆ ಅದು ಬರೀ ಗಾಜು, ಅಂಗಾಂಶ ಇಲ್ಲದ ಕಡೆ ಎದ್ದು ಕಾಣುವುದು ಮ್ಯಾಟ್ರಿಕ್ಸ್‌ನ ಪೀಕ್‌ಗಳೇ (ಸ್ಪೆಕ್ಟ್ರಮ್‌ನಲ್ಲಿ ಮೇಲೆದ್ದ ಮೊನೆಗಳು) ಅಲ್ವಾ. ಹಿನ್ನೆಲೆ ತೆಗೆಯುವುದು, ನಾರ್ಮಲೈಸ್ ಮಾಡುವುದು (ಎಲ್ಲ ಪಿಕ್ಸೆಲ್‌ಗಳನ್ನೂ ಒಂದೇ ಅಳತೆಗೆ ತರುವುದು) ಬೇಜಾರಿನ ಕೆಲಸ, ಆದರೆ ಅದನ್ನು ಹಾರಿಸಿದರೆ ಮುಂದಿನದೆಲ್ಲ ಸುಮ್ನೆ. ಆಮೇಲೆ ಸಾವಿರಾರು ಅಂಕಿಗಳನ್ನು ಕೆಲವೇ ಮಾದರಿಗಳಿಗೆ ಇಳಿಸಲು ಪಿಸಿಎ ಅನ್ನೋ ವಿಧಾನದ ಬದಲು ಎನ್‌ಎಂಎಫ್ ಹಿಡಿದೆ. ಅಯಾನುಗಳ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ, ಹಾಗಾಗಿ ಮೈನಸ್ ಬಾರದ ವಿಧಾನದಲ್ಲಿ ಅರ್ಥ ಬೇಗ ಸಿಗುತ್ತದೆ.

ಇನ್ನೊಂದು ತಲೆನೋವು, ಯಾವ ತೂಕ ಯಾವ ಅಣುವಿನದು ಅಂತ ಹೆಸರು ಹಚ್ಚುವುದು. ಗ್ಲೂಕೋಸ್, ಫ್ರಕ್ಟೋಸ್ ಎರಡರ ಸೂತ್ರವೂ ಒಂದೇ, ಬರೀ ತೂಕ ನೋಡಿ ಯಾವುದು ಅಂತ ಹೇಳಲು ಆಗುವುದಿಲ್ಲ. ಹೆಸರು ಹಚ್ಚಿದ್ದರಲ್ಲಿ ಎಷ್ಟು ತಪ್ಪಿರಬಹುದು ಅಂತ ಅಂದಾಜು ಕೊಡುವ ಮೆಟಾಸ್ಪೇಸ್ ಅನ್ನೋ ವ್ಯವಸ್ಥೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿರುವ ಇಎಂಬಿಎಲ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿತು. ಇಂಥ ಪ್ರಶ್ನೆಗಳೇ ಪಿಎಚ್‌ಡಿ ವಿಷಯಗಳಾಗುತ್ತವೆ.

ಎಲ್ಲಿ ಮಾಡಬಹುದು? ನೆದರ್‌ಲೆಂಡ್ಸ್‌ನ ಡೆಲ್ಫ್ಟ್, ಮಾಸ್ಟ್ರಿಕ್ಟ್ ಎರಡೂ ಕಡೆ ಈ ಕೆಲಸ ನಡೆಯುತ್ತದೆ. ಅಲ್ಲಿ ಪಿಎಚ್‌ಡಿ ಅಂದರೆ ಸಾಮಾನ್ಯವಾಗಿ ನಾಲ್ಕು ವರ್ಷದ ಸಂಬಳದ ನೌಕರಿ, ಅರ್ಜಿಯನ್ನೂ ನೌಕರಿಗೆ ಹಾಕಿದ ಹಾಗೇ ಹಾಕಬೇಕು. ಅಮೆರಿಕದಲ್ಲಾದರೆ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್. ಇಲ್ಲೇ ಇರುವವರು ಬೆಂಗಳೂರಿನ ಐಐಎಸ್‌ಸಿಯ ಕಂಪ್ಯುಟೇಶನಲ್ ಅಂಡ್ ಡೇಟಾ ಸೈನ್ಸಸ್ ವಿಭಾಗ ನೋಡಿ, ಅಲ್ಲಿ ವೈದ್ಯಕೀಯ ಚಿತ್ರಗಳ ಮೇಲೆ ಕೆಲಸ ಇದೆ. 2023ರಿಂದ ಜೆಆರ್‌ಎಫ್ (ಸಂಶೋಧನಾ ವಿದ್ಯಾರ್ಥಿಗಳಿಗೆ ಸಿಗುವ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ.

ಅರ್ಜಿ ಹಾಕುವ ಮುಂಚೆ ಮೆಟಾಸ್ಪೇಸ್‌ನಲ್ಲಿ ಎಲ್ಲರಿಗೂ ತೆರೆದಿಟ್ಟ ಡೇಟಾ ಒಂದನ್ನು ಇಳಿಸಿಕೊಳ್ಳಿ. ಫೈಲು imzML ಮಾದರಿಯಲ್ಲಿರುತ್ತದೆ, ಪೈಥಾನ್‌ನಲ್ಲಿ ತೆರೆಯುತ್ತದೆ. ಮೊದಲು ಒಂದೇ ಒಂದು ಪಿಕ್ಸೆಲ್‌ನ ಸ್ಪೆಕ್ಟ್ರಮ್ ಪ್ಲಾಟ್ ಮಾಡಿ, ಆಮೇಲೆ ಗಾಜಿನ ಮೇಲಿನ ಒಂದು ಪಿಕ್ಸೆಲ್ ತೆಗೆದು ಪಕ್ಕದಲ್ಲಿಟ್ಟು ನೋಡಿ.