ಸ್ಪೆಕ್ಟ್ರಮ್ ಹರಾಜಿಗಿಡುವ ಮುಂಚೆ ಮಾಳಿಗೆ ಹತ್ತಿ ನೋಡಿ

ಬ್ಯಾಂಕುಗಳಿಗೆ ಉಪಗ್ರಹದ ಮೂಲಕ ಸಂಪರ್ಕ ಕೊಡುವ ವಿಸ್ಯಾಟ್ ಡಿಶ್ ಕೂರಿಸುವುದು ನನ್ನ ಕೆಲಸ. ಚಿಂಚೋಳಿ, ಔರಾದ್, ಸುರಪುರದ ಕಡೆ ಕೇಬಲ್ ನೆಚ್ಚಿಕೊಳ್ಳಲಾಗದ ಊರುಗಳಲ್ಲಿ ಎಟಿಎಂಗೆ ಇದೇ ಆಸರೆ. ಹಾಗಾಗಿ ಸ್ಯಾಟಲೈಟ್ ಇಂಟರ್‌ನೆಟ್ ಸುದ್ದಿ ಬಂದಾಗೆಲ್ಲ ಗೆಳೆಯರು ಕೇಳುತ್ತಾರೆ: ಸ್ಪೆಕ್ಟ್ರಮ್, ಅಂದ್ರೆ ಸಿಗ್ನಲ್ ಸಾಗಿಸುವ ರೇಡಿಯೊ ತರಂಗ, ಮೊಬೈಲ್ ಕಂಪನಿಗಳಿಗೆ ಹರಾಜಿನಲ್ಲಿ, ಸ್ಯಾಟಲೈಟ್ ಕಂಪನಿಗಳಿಗೆ ಅರ್ಜಿ ಹಾಕಿದರೆ ಸಾಕಾ? 2ಜಿ ಮರೆತುಬಿಟ್ರಾ?

ಅನುಮಾನ ಸಹಜವೇ. 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹರಾಜಿಲ್ಲದೆ ಕೊಟ್ಟಿದ್ದ 122 2ಜಿ ಲೈಸೆನ್ಸ್ ರದ್ದು ಮಾಡಿತ್ತು. ಆದರೆ ಅದೇ ಸೆಪ್ಟೆಂಬರಿನಲ್ಲಿ, ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದಾಗ, ಎಲ್ಲ ನೈಸರ್ಗಿಕ ಸಂಪತ್ತಿಗೂ ಹರಾಜೊಂದೇ ದಾರಿಯಲ್ಲ ಎಂದೂ ಹೇಳಿತು. ಈ ಎರಡನೇ ಮಾತು ಜಾಸ್ತಿ ಜನಕ್ಕೆ ನೆನಪಿಲ್ಲ.

ಒಂದೇ ಮಾಳಿಗೆ ಮೇಲೆ ಎರಡು ಡಿಶ್ ಇಡಬಹುದು. ಒಂದು 74 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಉಪಗ್ರಹಕ್ಕೆ, ಇನ್ನೊಂದು 83 ಡಿಗ್ರಿಯದಕ್ಕೆ. ಎರಡರದ್ದೂ ಕೆಯು ಬ್ಯಾಂಡ್ ಎಂಬ ಒಂದೇ ತರಂಗ ಪಟ್ಟಿ, ಫ್ರೀಕ್ವೆನ್ಸಿಯೂ ಒಂದೇ. ಆದರೂ ಜಗಳವಿಲ್ಲ, ಯಾಕಂದ್ರೆ ಡಿಶ್ ತಾನು ನೋಡುವ ದಿಕ್ಕಿಗಷ್ಟೇ ಮಾತಾಡುತ್ತದೆ. ಮೊಬೈಲ್ ಟವರ್ ಸುತ್ತಲೂ ಸಿಗ್ನಲ್ ಚೆಲ್ಲುತ್ತದೆ. ಅಲ್ಲಿ ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗಿಲ್ಲ, ಹರಾಜಿಗೆ ಅರ್ಥವಿದೆ. ನಾಲ್ಕಾರು ಕಂಪನಿ ಕೂಡಿ ಬಳಸಬಹುದಾದದ್ದನ್ನು ಹರಾಜು ಹಾಕಿದರೆ, ಗೆದ್ದವನು ಉಳಿದವರನ್ನು ಹೊರಗಿಡಲೆಂದೇ ದುಡ್ಡು ಕೊಟ್ಟಂತೆ.

ಹಂಚಿಕೊಳ್ಳುವುದಕ್ಕೆ ಶಿಸ್ತು ಬೇಕು. ಡಿಶ್ ಎರಡು ಡಿಗ್ರಿ ಅತ್ತಿತ್ತಾದರೂ ಪಕ್ಕದ ಉಪಗ್ರಹಕ್ಕೆ ಕಾಟ. ಅದಕ್ಕೇ ನಮ್ಮ ಸಿಗ್ನಲ್ ಬೇರೆಯವರದ್ದಕ್ಕೆ ಅಡ್ಡ ಬರುತ್ತಿಲ್ಲವೆಂದು ನೋಡುವ ಕ್ರಾಸ್ ಪೋಲ್ ಟೆಸ್ಟ್ ಪಾಸಾಗುವ ತನಕ ನಾವು ಸೇವೆ ಶುರು ಮಾಡುವಂತಿಲ್ಲ. ಜಾಲದ ಮುಖ್ಯ ಕೇಂದ್ರವಾದ ಹಬ್‌ನವರು ಫೋನಿನಲ್ಲಿ "ಚೂರು ಎಡಕ್ಕೆ... ಜಾಸ್ತಿ ಆಯ್ತು, ವಾಪಸ್" ಅನ್ನುತ್ತಿರುತ್ತಾರೆ. ನಾವು ಸ್ಪ್ಯಾನರ್ ಹಿಡಿದು ಕೂತಿರುತ್ತೇವೆ. ಮೇ ತಿಂಗಳ ಕಲಬುರಗಿ ಬಿಸಿಲು ಗೊತ್ತಲ್ವಾ!

2023ರ ದೂರಸಂಪರ್ಕ ಕಾಯ್ದೆ ಉಪಗ್ರಹ ಸೇವೆಗಳನ್ನು ಹರಾಜಿನಿಂದ ಹೊರಗಿಟ್ಟದ್ದು ಸರಿಯೇ. ಅಂತಾರಾಷ್ಟ್ರೀಯ ಉಪಗ್ರಹ ಸೇವೆಗಳ ವಿಷಯದಲ್ಲಿ ಅಮೆರಿಕವೂ 2000ದಲ್ಲೇ ಹರಾಜು ಬೇಡ ಎಂದು ಕಾನೂನು ಮಾಡಿದೆ. ನನ್ನ ತಕರಾರು ಬೆಲೆಯ ಬಗ್ಗೆ. 2025ರ ಮೇನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮಾಡಿದ ಶಿಫಾರಸಿನಲ್ಲಿ ಆದಾಯದ ಶೇ 4ರಷ್ಟು ಶುಲ್ಕವಿದೆ. ಆಕಾಶದಲ್ಲಿ ಒಂದೇ ಕಡೆ ನಿಂತಂತಿರದೆ ಸುತ್ತುತ್ತಲೇ ಇರುವ ಉಪಗ್ರಹಗಳಿಂದ ಇಂಟರ್‌ನೆಟ್ ಕೊಡುವವರು ನಗರದ ಪ್ರತಿ ಗ್ರಾಹಕನ ಲೆಕ್ಕದಲ್ಲಿ ವರ್ಷಕ್ಕೆ 500 ರೂಪಾಯಿ ಜಾಸ್ತಿ ಕೊಡಬೇಕು ಎಂದಿದೆ. ಹಳ್ಳಿಗೆ ಅದು ಮಾಫಿ. ಉದ್ದೇಶ ಚೆನ್ನಾಗಿದೆ. ಆದರೆ ಬೆಂಗಳೂರಿನ ಗ್ರಾಹಕನ 500 ರೂಪಾಯಿ ವಸೂಲಾದ ಮಾತ್ರಕ್ಕೆ ಕುಂಚಾವರಂ ಕಾಡಂಚಿನ ತಾಂಡಾಕ್ಕೆ ಡಿಶ್ ಬರುತ್ತಾ?

ದುಡ್ಡು ಕಮ್ಮಿ ತಗೊಳ್ಳಿ, ಕೆಲಸ ಕೇಳಿ. ಯಾವ ತಾಲ್ಲೂಕಿನ ಎಷ್ಟು ಶಾಲೆ, ಎಷ್ಟು ಆರೋಗ್ಯ ಕೇಂದ್ರ, ಯಾವಾಗ? ಇದು ಷರತ್ತಿನಲ್ಲೇ ಇರಲಿ. ಮಾಡದಿದ್ದರೆ ಹಕ್ಕು ಮೊಟಕಾಗಲಿ. ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು ಇಂಥದ್ದೇ ನಿಯಮವನ್ನು 2019ರಲ್ಲಿ ತಂದಿದೆ. ಕಾಗದದ ಮೇಲೆ ಸಾವಿರಾರು ಉಪಗ್ರಹ ತೋರಿಸಿ ಜಾಗ ಹಿಡಿದರೆ ನಡೆಯಲ್ಲ. ಬಳಕೆ ಶುರು ಮಾಡಲು ಇರುವ ಮೊದಲ ಏಳು ವರ್ಷದ ಗಡುವು ಮುಗಿದ ಎರಡು ವರ್ಷಕ್ಕೆ ಶೇ 10, ಐದಕ್ಕೆ ಶೇ 50, ಏಳಕ್ಕೆ ಪೂರ್ತಿ ಹಾರಿಸಿರಬೇಕು.

ಡಿಶ್ ಇಲ್ಲದೆ ನೇರ ಫೋನಿಗೇ ಬರುವ ಉಪಗ್ರಹ ಸೇವೆಯ ಲೆಕ್ಕ ಬೇರೆ. ಫೋನು ಡಿಶ್‌ನಂತೆ ಒಂದೇ ದಿಕ್ಕು ಹಿಡಿಯುವುದಿಲ್ಲ. ಮೊಬೈಲ್ ಬ್ಯಾಂಡನ್ನೇ ಬಳಸುವುದಾದರೆ, ಅದನ್ನು ಹರಾಜಿನಲ್ಲಿ ಕೊಂಡ ಕಂಪನಿಯ ಒಪ್ಪಿಗೆ ತಗೊಂಡೇ ಬರಬೇಕು.