ಕಾರ್ಡೈಟ್: ಒಂದೇ ಸಾಲಿನಲ್ಲಿ ದಾಟಿಹೋಗುವ ಮದ್ದು

ಕೋವಿ ಮದ್ದಿನ ಪಾಠದಲ್ಲಿ ಕಾರ್ಡೈಟ್‌ಗೆ ಸಿಗುವುದು ಒಂದೇ ಸಾಲು: ‘ಹಳೆಯ ಬ್ರಿಟಿಷ್ ಮದ್ದು.’ ನಾನೂ ಹಾಗೇ ಬರೆದುಕೊಂಡು ಪುಟ ತಿರುಗಿಸಿದ್ದೆ. ಆಮೇಲೆ ತೋಟಾ ತುಂಬುವವರ ಬಾಯಲ್ಲಿ ಸದಾ ಇರುವ ‘ವೇಗದ ಮದ್ದು’, ‘ನಿಧಾನದ ಮದ್ದು’ ಅನ್ನುವುದು ತಲೆಗೆ ಹತ್ತದೆ ಒದ್ದಾಡಿದೆ. ನಿಧಾನ ಅಂದರೆ ಶಕ್ತಿ ಕಡಿಮೆ ಅಂತಲೇ ಬಹಳ ದಿನ ನಂಬಿದ್ದೆ. ತಪ್ಪು. ಆ ಗಂಟು ಬಿಚ್ಚಿದ್ದು ಇದೇ ಕಾರ್ಡೈಟ್.

ಮೊದಲು ಕರಿಮದ್ದು. ಮೈಸೂರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಜಂಬೂಸವಾರಿಗೆ ಮುಂಚೆ ಆನೆ, ಕುದುರೆಗಳಿಗೆ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರಲ್ಲ, ಅಲ್ಲಿ ಸದ್ದು ಬಿಟ್ಟು ಹೊಗೆ ನೋಡಿ. ಢಮ್ ಅಂದಮೇಲೆ ಬಿಳಿ ಮೋಡ ಎದ್ದು ಒಂದಷ್ಟು ಹೊತ್ತು ಅಲ್ಲೇ ತೂಗುತ್ತದೆ. ಮುಂದಿನ ಸುತ್ತಿಗೆ ಮೊದಲು ಸಿಬ್ಬಂದಿ ಉದ್ದ ಕೋಲಿನಿಂದ ನಳಿಕೆಯ ಒಳಗನ್ನು ಉಜ್ಜುತ್ತಾರೆ. ಕರಿಮದ್ದು ಉರಿದಾಗ ಅರ್ಧಕ್ಕೂ ಹೆಚ್ಚು ತೂಕ ಅನಿಲವಾಗದೆ ಘನ ಕಣವಾಗಿಯೇ ಉಳಿಯುತ್ತದೆ. ಹೊಗೆಯೂ ಅದೇ, ನಳಿಕೆಯ ಮಸಿಯೂ ಅದೇ. ಕುಶಾಲತೋಪಿಗೆ ಅದು ಚೆಂದ. ರೈಫಲ್‌ಗೆ ಶಾಪ.

ಇತಿಹಾಸ ಚುಟುಕಾಗಿ: 1884ರಲ್ಲಿ ಫ್ರಾನ್ಸಿನ ಪಾಲ್ ವೀಯೆ ಹೊಗೆರಹಿತ ಮದ್ದು ಮಾಡಿದ. 1887ರಲ್ಲಿ ನೊಬೆಲ್‌ನ ಬ್ಯಾಲಿಸ್ಟೈಟ್ ಎಂಬ ಹೊಗೆರಹಿತ ಮದ್ದು ಬಂತು. 1889ರಲ್ಲಿ ಬ್ರಿಟನ್ನಿನ ರಸಾಯನಶಾಸ್ತ್ರಜ್ಞರಾದ ಏಬಲ್ ಮತ್ತು ಡ್ಯೂಆರ್ ಅದಕ್ಕೆ ಹತ್ತಿರದ ಕಾರ್ಡೈಟ್‌ಗೆ ಪೇಟೆಂಟ್ ಪಡೆದರು; ನೊಬೆಲ್ ಕೋರ್ಟಿಗೆ ಹೋಗಿ ಸೋತ. ‘ತ್ರೀ ನಾಟ್ ತ್ರೀ’ ಎಂದು ನಮ್ಮಲ್ಲಿ ಹಳೇ ಪೊಲೀಸರಿಂದ ಎನ್‌ಸಿಸಿ ಹುಡುಗರವರೆಗೆ ಎಲ್ಲರೂ ಕರೆಯುವ .303 ತೋಟಾ 1888ರಲ್ಲಿ ಹುಟ್ಟಿದ್ದು ಕರಿಮದ್ದಿನ ಒತ್ತಿದ ಬಿಲ್ಲೆಯೊಂದಿಗೆ. 1891ರಲ್ಲಿ ಅದಕ್ಕೆ ಕಾರ್ಡೈಟ್ ಸೇರಿತು.

ಈಗ ಅಸಲು ವಿಷಯ, ಆಕಾರ. ಕಾರ್ಡ್ ಅಂದರೆ ಹುರಿ. ಮೆತ್ತಗಿನ ಮುದ್ದೆಯನ್ನು ಅಚ್ಚಿನ ತೂತಿನಿಂದ ಒತ್ತಿ ಎಳೆ ತೆಗೆಯುತ್ತಿದ್ದರು. ನಮ್ಮ ಒತ್ತುಶಾವಿಗೆಯದೇ ಕೆಲಸ. ಮೊದಲ .303 ಎಳೆಗಳ ಅಚ್ಚಿನ ಅಳತೆ 0.0375 ಅಂಗುಲ, ಸುಮಾರು ಒಂದು ಮಿಲಿಮೀಟರ್. ಈ ಮದ್ದು ಉರಿಯುವುದು ಮೇಲ್ಮೈಯಿಂದ ಒಳಕ್ಕೆ, ಪದರ ಪದರವಾಗಿ. ಆದ್ದರಿಂದ ಆ ಕ್ಷಣದಲ್ಲಿ ಹುಟ್ಟುವ ಅನಿಲ ಆ ಕ್ಷಣಕ್ಕೆ ಉಳಿದಿರುವ ಮೇಲ್ಮೈಯನ್ನು ಅವಲಂಬಿಸುತ್ತದೆ. ಒಲೆಗೆ ರಾಗಿಹುಲ್ಲು ಹಾಕುವುದಕ್ಕೂ ಅದೇ ತೂಕದ ಕೊರಡು ಹಾಕುವುದಕ್ಕೂ ಇರುವ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಪಾಠ ಮುಗಿಯಿತು. ಕೊರಡಿನ ಶಾಖವೇನೂ ಕಡಿಮೆಯಲ್ಲ, ಕೊಡುವ ಗತಿ ಬೇರೆ.

ತೂತಿಲ್ಲದ ಗಟ್ಟಿ ಎಳೆಯ ತೊಂದರೆ ನೋಡಿ. ಸುತ್ತಲಿಂದ 0.005 ಅಂಗುಲ ಉರಿದರೆ ವ್ಯಾಸ 0.0275ಕ್ಕೆ ಇಳಿಯಿತು, ಮೇಲ್ಮೈ ಶೇ. 73ಕ್ಕೆ ಬಂತು. ಗುಂಡು ನಳಿಕೆಯಲ್ಲಿ ಮುಂದೆ ಓಡಿ ಹಿಂದೆ ಜಾಗ ಹೆಚ್ಚಾಗುವಾಗಲೇ ಅನಿಲದ ಹುಟ್ಟು ಕಡಿಮೆಯಾಗುತ್ತದೆ. ಇದಕ್ಕೆ ಪರಿಹಾರ ಎಳೆಯ ನಡುವೆ ತೂತು. ಮುಂದೆ ಬಂದ ‘ಎಂಡಿಟಿ 5-2’ ಎಂಬ ಕೊಳವೆ ಕಾರ್ಡೈಟ್‌ನ ಹೆಸರಲ್ಲೇ ಅಳತೆ ಇದೆ: ಹೊರವ್ಯಾಸ 0.05, ಒಳತೂತು 0.02 ಅಂಗುಲ. ಮೇಲ್ಮೈ ವ್ಯಾಸಕ್ಕೆ ತಕ್ಕಂತೆ ಇರುವುದರಿಂದ ವ್ಯಾಸಗಳನ್ನೇ ಕೂಡೋಣ: 0.07. ಎರಡೂ ಕಡೆಯಿಂದ 0.005 ಉರಿಯಲಿ, ಹೊರಗೆ 0.04, ಒಳಗೆ 0.03. ಕೂಡಿ, ಮತ್ತೆ 0.07! ಹೊರಗೆ ಕಳೆದದ್ದು ಒಳಗೆ ಬಂತು. ಗೋಡೆ ಪೂರ್ತಿ ಸವೆಯುವವರೆಗೂ ಮೇಲ್ಮೈ ಅಷ್ಟಕ್ಕಷ್ಟೇ. ಎಳೆ ಉದ್ದವಿರುವುದರಿಂದ ತುದಿಗಳ ಲೆಕ್ಕ ಬಿಟ್ಟರೂ ನಡೆಯುತ್ತದೆ. ಈ ಕೂಡಿಕೆ ಮಾಡಿದ ರಾತ್ರಿ ನನಗೆ ನಿಜಕ್ಕೂ ಖುಷಿಯಾಗಿತ್ತು.

ಅಮೆರಿಕದ ಐಎಂಆರ್ 4895ರಂಥ ಮದ್ದಿನ ಕಾಳೂ ನಡುವೆ ತೂತಿರುವ ಪುಟ್ಟ ಕೊಳವೆಯೇ. ಮೈಮೇಲೆ ಉರಿ ತಡೆಯುವ ಲೇಪ ಬೇರೆ. ಹಾಗಾದರೆ ಕಾರ್ಡೈಟನ್ನು ಕೈಯಲ್ಲಿ ತೋಟಾ ತುಂಬುವವರು ಏಕೆ ಹಿಡಿಯಲಿಲ್ಲ? ಕಾಳನ್ನು ಆಲಿಕೆಯಲ್ಲಿ ಸುರಿದು ತೂಗಬಹುದು. ಉದ್ದನೆ ಎಳೆಯ ಕಟ್ಟನ್ನು ತೋಟಾದ ಸಣ್ಣ ಕತ್ತಿನೊಳಗೆ ತೂರಿಸುವುದು ಹೇಗೆ? ಕಾರ್ಖಾನೆಯಲ್ಲಿ ಮೊದಲು ನೆಟ್ಟಗಿನ ಹಿತ್ತಾಳೆ ಕೊಳವೆಗೆ ಎಳೆಗಳನ್ನಿಟ್ಟು, ಮೇಲೆ ರಟ್ಟಿನ ಬಿಲ್ಲೆ ಮುಚ್ಚಿ, ಆಮೇಲೆ ಕತ್ತು ಒತ್ತುತ್ತಿದ್ದರು. ಮನೆಯ ಮೇಜಿನ ಮೇಲೆ ಆಗುವ ಕೆಲಸವಲ್ಲ.

ಇನ್ನೊಂದು ದೋಷ, ಬಿಸಿ. ಲೀ-ಮೆಟ್‌ಫರ್ಡ್ ಕೋವಿಯ ನಳಿಕೆಯೊಳಗೆ ಗುಂಡನ್ನು ತಿರುಗಿಸುವ ತೆಳು ಗೀರುಗಳು ಕರಿಮದ್ದಿಗೆಂದೇ ಮಾಡಿದಂಥವು. ಕಾರ್ಡೈಟ್‌ನ ಕಾವಿಗೆ ಬೇಗ ಸವೆದವು. 1895ರಲ್ಲಿ ಐದು ಆಳವಾದ ಗೀರುಗಳ ಎನ್‌ಫೀಲ್ಡ್ ನಳಿಕೆ ತಂದರು. 1901ರ ಸುಮಾರಿಗೆ ಮದ್ದಿನಲ್ಲೇ ಕಾವು ಹೆಚ್ಚಿಸುವ ನೈಟ್ರೊಗ್ಲಿಸರಿನ್ ಪಾಲನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರು. ನಳಿಕೆಯಲ್ಲಿ ಗುಂಡು ಸಲೀಸಾಗಿ ಜಾರಲಿ ಅಂತ ಬೆರೆಸಿದ್ದ ವ್ಯಾಸಲೀನ್ ಜಾತಿಯ ಜೆಲ್ಲಿ, ಮದ್ದು ಕೆಡದಂತೆ ಕಾಯುವ ಕೆಲಸವನ್ನೂ ಮಾಡಿತು. ಆಕಸ್ಮಿಕ ಲಾಭ.

ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಯಿಂದ ಕೂನೂರಿಗೆ ಇಳಿಯುವಾಗ ಅರುವಂಕಾಡು ಸಿಗುತ್ತದೆ. ಅಲ್ಲಿನ ಕಾರ್ಡೈಟ್ ಕಾರ್ಖಾನೆ ಇಪ್ಪತ್ತನೇ ಶತಮಾನದ ಆರಂಭದ್ದು. ಬೆಟ್ಟದ ರೈಲಿನಲ್ಲಿ ಹೋಗುವ ಮೈಸೂರಿನವರು ಆ ಹೆಸರಿನ ಬೋರ್ಡಿಗಿಂತ ಟೀ ತೋಟ ನೋಡುವುದೇ ಹೆಚ್ಚು.

ಗೊಂದಲ ಬೇಡ: ಗ್ರೇನ್ ಅಂದರೆ ಮದ್ದಿನ ಕಾಳೂ ಹೌದು, ತೂಕದ ಅಳತೆಯೂ ಹೌದು. ತೂಕವಾದರೆ 0.0648 ಗ್ರಾಂ, ಅಕ್ಕಸಾಲಿಗರ ಒಂದು ಗುಲಗಂಜಿಗೆ ಹತ್ತಿರ ಹತ್ತಿರ ಎರಡು ಗ್ರೇನ್. 1910ರ .303 ಗುಂಡು 174 ಗ್ರೇನ್, ಅಂದರೆ 11 ಗ್ರಾಂ ಚಿಲ್ಲರೆ. ಮತ್ತೆ, ಅಟ್ಟದಲ್ಲಿ ಹಳೇ ತೋಟಾ ಸಿಕ್ಕಿತೆಂದು ಬಿಚ್ಚಲು ಹೋಗಬೇಡಿ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ, ಹಳೇ ಮದ್ದು ಎಷ್ಟು ಕೆಟ್ಟಿದೆ ಅಂತ ಕಣ್ಣಿಗೆ ಕಾಣುವುದೂ ಇಲ್ಲ.

ಬಿಡಿಸಲು ಒಂದು ಲೆಕ್ಕ: ದೊಡ್ಡ ತೋಪಿನ ಮದ್ದಿನ ಕಾಳಿಗೆ ಏಳು ತೂತು. ಎಲ್ಲ ಕಡೆಯಿಂದ x ಉರಿದಾಗ ಹೊರವ್ಯಾಸ 2x ಇಳಿಯುತ್ತದೆ, ಪ್ರತಿ ತೂತು 2x ಹಿಗ್ಗುತ್ತದೆ. ಕೂಡಿದರೆ 12x ಲಾಭ. ಉರಿದಷ್ಟೂ ಮೇಲ್ಮೈ ಏರುತ್ತದೆ. ತೂತುಗಳು ಒಂದಕ್ಕೊಂದು ತಾಗಿದ ಮೇಲೆ ಉಳಿಯುವ ಮೂರು ಮೂಲೆಯ ಚೂರುಗಳ ಕಥೆ ಬೇರೆ. ಅವು ಮತ್ತೆ ಗಟ್ಟಿ ಎಳೆಯ ಹಾಗೇ ಸೊರಗುತ್ತಾ ಉರಿಯುತ್ತವೆ.